ಮೆಹಬೂಬ್ ಬೀ ಅವರ ಮುನ್ನೂರ ಹನ್ನೆರಡು ಉತ್ತರಗಳು

"ಮಾಡಿದೋನು ಯಾರು ಅಂತ ಗೊತ್ತಿದೆ ಅಮ್ಮ. ಯಾಕೆ ಮಾಡಿದ ಅಂತ ಗೊತ್ತಾಗ್ಬೇಕು," ಎಂದರು ಬಷೀರ್ ಅಹಮದ್, ಚಪ್ಪಲಿ ಬಿಡುವ ಮೊದಲೇ.

ಚಿಂತಾಮಣಿಯಲ್ಲಿ ವೆಂಕಟರತ್ನಮ್ಮನವರ ಜಗಲಿಗೆ ಬರುವವರು ಸಾಮಾನ್ಯವಾಗಿ ಕಳ್ಳನನ್ನು ಹುಡುಕಿಕೊಡಿ ಎನ್ನುತ್ತಾರೆ. ಇದು ತಿರುವುಮುರುವಾಗಿತ್ತು. ವೆಂಕಟರತ್ನಮ್ಮ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷ ಕಳೆದವರು. ದಾಖಲೆಗಳು ಕಂಪ್ಯೂಟರಿಗೆ ಹೋದಾಗ ಹಟ ಹಿಡಿದು ಅದನ್ನೂ ಕಲಿತವರು. ನಾನು ನರಸಿಂಹಪ್ಪ, ಅವರ ಕೈಕೆಳಗಿನ ಗುಮಾಸ್ತ. ನಿವೃತ್ತಿಯಾದ ಮೇಲೂ ಕೈಕೆಳಗೇ ಇದ್ದೀರಿ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ.

ಬಷೀರ್ ಸಾಹೇಬರಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಅವರ ಹೆಂಡತಿ ಮೆಹಬೂಬ್ ಬೀ ಚಾಕಿ ಹುಳು, ಅಂದರೆ ರೇಷ್ಮೆಯ ಎಳೆ ಹುಳು, ಸಾಕಿ ರೈತರಿಗೆ ಕೊಡುತ್ತಿದ್ದವರು. ಹುಳುವಿನ ಮೈಬಣ್ಣ ನೋಡಿಯೇ ಕಾಯಿಲೆ ಹೇಳುತ್ತಿದ್ದರಂತೆ. ಮಗಳು ಸನಾ ಅದಕ್ಕೆಂದೇ ಒಂದು ಆ್ಯಪ್ ಮಾಡಿದಳು. ರೈತರು ಪ್ರಶ್ನೆ ಕಳಿಸುತ್ತಾರೆ, ನಾಲ್ಕು ಮಂದಿ ಸಲಹೆಗಾರರು ಫೋನಿನಲ್ಲಿ ತಮ್ಮ ಮಾತನ್ನು ಧ್ವನಿಮುದ್ರಿಸಿ ಉತ್ತರ ಕೊಡುತ್ತಾರೆ. ಅವರಲ್ಲೊಬ್ಬರಾದ ಮೆಹಬೂಬ್ ಬೀ ಮುನ್ನೂರ ಹನ್ನೆರಡು ಉತ್ತರ ಕೊಟ್ಟು, ಎದೆನೋವು ಬಂದು ತೀರಿಕೊಂಡರು.

"ನಲವತ್ತನೇ ದಿನದ ಫಾತಿಹಾ ಮುಗಿಸಿ, ಇವತ್ತು ಅವಳ ಮಾತು ಕೇಳೋಣ ಅಂತ ಕೂತೆ. ಅಲ್ಲೀವರೆಗೂ ಧೈರ್ಯ ಬಂದಿರ್ಲಿಲ್ಲ. ನೋಡಿದ್ರೆ ಒಂದೂ ಇಲ್ಲ. ಮಿಕ್ಕ ಮೂರು ಜನದ್ದು ಹಂಗೇ ಇದೆ."

"ಮಾಡಿದವನು?"

"ಶೋಯೆಬ್. ತೀರಿಹೋದ ನನ್ನ ತಂಗಿ ಮಗ. ನಾಲ್ಕು ವರ್ಷದ ಮಗುವಿಂದ ನಾನೇ ಸಾಕಿದೋನು. ಸರ್ವರ್ ನೋಡ್ಕೊಳ್ಳೋದು ಅವನೇ. ಕ್ಲೀನ್ ಮಾಡೋವಾಗ ಅಳಿಸಿದೆ ಮಾಮು, ಅಂದ. ಅವಳದ್ದು ಮಾತ್ರ ಯಾಕೆ ಅಂದ್ರೆ ಬಾಯಿ ಬಿಡಲ್ಲ. ಹೊಡೆದು ಮನೆಯಿಂದ ಹೊರಗೆ ಹಾಕ್ದೆ." ಅವರು ತಮ್ಮ ಅಂಗೈ ನೋಡಿಕೊಂಡರು. "ಹುಳು ಔಷಧಿ ಅಂಗಡಿ ಮುರಳಿಮೋಹನ್ ಏನಾದ್ರೂ ಹೇಳಿಕೊಟ್ನೇನೋ. ಇವಳು ಪುಕ್ಕಟೆ ಹೇಳೋದ್ರಿಂದ ಅವನ ವ್ಯಾಪಾರ ಬಿದ್ದಿತ್ತು. ಕಾರಣ ಇದ್ರೆ ಹೇಳ್ಲಿ, ಕ್ಷಮಿಸ್ತೀನಿ. ಕಾರಣ ಇಲ್ದೆ ಅವನನ್ನ ಹೆಂಗೆ ಒಳಗೆ ಕರ್ಕೊಳ್ಳಲಿ?"

ಅವರ ಜೇಬಿನಲ್ಲಿ ಹೂವಿನ ಚಿತ್ರದ ಕವಚದ ಫೋನೊಂದು ಇಣುಕುತ್ತಿತ್ತು. ವೆಂಕಟರತ್ನಮ್ಮ ಅದನ್ನು ನೋಡಿದರು.

"ಅವರದಾ?"

"ಹೂಂ. ಹೋದ ದಿನದಿಂದ ನನ್ನ ಹತ್ರಾನೇ ಇದೆ. ಮೊದಮೊದಲು ದಿನಾ ಬೆಳಗ್ಗೆ, ಮೆಹಬೂಬ್ ಬೀ ಅವರೇ, ನಿಮಗೆ ಐದು ಪ್ರಶ್ನೆ ಬಂದಿವೆ ಅಂತ ಬರ್ತಿತ್ತು. ಇಪ್ಪತ್ತು ದಿನ ಆದ್ಮೇಲೆ ಅದೂ ನಿಂತ್ಹೋಯ್ತು."

ಮಾರನೆಯ ದಿನ ಶಿಡ್ಲಘಟ್ಟಕ್ಕೆ ಹೋದೆವು. ಸನಾ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಧ್ವನಿಯನ್ನೂ ಡೇಟಾಬೇಸಿನ ಕೋಷ್ಟಕದೊಳಗೇ ಇಟ್ಟಿದ್ದಳಂತೆ. ನಕಲು ಏಳು ದಿನದ್ದು ಮಾತ್ರ ಉಳಿಯುತ್ತದೆ. ಯಾವಾಗ ಏನು ನಡೆಯಿತೆಂದು ಸರ್ವರು ತಾನೇ ಬರೆದಿಡುವ ದಿನಚರಿ ಅರವತ್ತು ದಿನದ್ದು ಇತ್ತು. ವೆಂಕಟರತ್ನಮ್ಮ ಕನ್ನಡಕ ಏರಿಸಿ ಅದನ್ನು ಓದಿದರು. ಸಾವಿನ ಇಪ್ಪತ್ತನೇ ದಿನ, ಬೆಳಗ್ಗೆ ಎಂಟೂಕಾಲು. ಮೊದಲು ಅವರ ಉತ್ತರಗಳ ಮುನ್ನೂರ ಹನ್ನೆರಡು ಸಾಲುಗಳನ್ನು ಓದಿ ತಂದಿದೆ. ಆಮೇಲೆ ಒಂದು ಸಾಲು ಅಳಿಸಿದೆ, ಮತ್ತೊಂದು ಅಳಿಸಿದೆ, ಹೀಗೆ ಒಂದೊಂದನ್ನೇ ಮುನ್ನೂರ ಹನ್ನೆರಡು ಸಲ. ಕೊನೆಗೆ ಸಲಹೆಗಾರರ ಪಟ್ಟಿಯಿಂದ ಮೆಹಬೂಬ್ ಬೀ ಎಂಬ ಹೆಸರನ್ನೂ ಅಳಿಸಿದೆ.

ಶೋಯೆಬ್ ಬಸ್ ನಿಲ್ದಾಣದ ಹತ್ತಿರ ಸ್ನೇಹಿತನ ಕೋಣೆಯಲ್ಲಿದ್ದ. ಕೆನ್ನೆಯ ಗುರುತು ಇನ್ನೂ ಮಾಸಿರಲಿಲ್ಲ.

"ಹೆಂಗಪ್ಪ ಅಳಿಸಿದೆ?" ಎಂದು ಕೇಳಿದರು ವೆಂಕಟರತ್ನಮ್ಮ.

"ಸರ್ವರಲ್ಲಿ ಕೂತು, ಕೈಯಲ್ಲೇ ಕಮಾಂಡ್ ಹೊಡೆದೆ."

"ಮುನ್ನೂರ ಹನ್ನೆರಡು ಸಲ ಹೊಡೆದ್ಯಾ?"

ಅವನು ತಲೆ ಎತ್ತಿದ. ಮೆಲ್ಲಗೆ ಹೇಳಿದ, "ನೀವು ದಿನಚರಿ ಓದಿದ್ದೀರ. ಅಮ್ಮ, ಕೈ ಮುಗೀತೀನಿ, ನಾನೇ ಅಂತ ಹೇಳಿ ಮುಗಿಸ್ಬಿಡಿ."

ವಾಪಸು ಬರುವಾಗ ವೆಂಕಟರತ್ನಮ್ಮ ನನ್ನ ಸ್ಕೂಟರಿನ ಹಿಂದೆ ತುಟಿ ಬಿಚ್ಚದೆ ಕೂತಿದ್ದರು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ದಾರಿಯುದ್ದಕ್ಕೂ ನಾನು ಗಾಡಿ ಓಡಿಸುವ ರೀತಿಯನ್ನು ಬಯ್ಯದ ದಿನವೇ ಇರಲಿಲ್ಲ.

ಭಾನುವಾರ ಬಷೀರ್ ಸಾಹೇಬರ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಮುರಳಿಮೋಹನ್ ಕೂಡ ಬಂದಿದ್ದ. ಶೋಯೆಬ್ ಹೊಸ್ತಿಲ ಆಚೆಯೇ ನಿಂತ.

"ಮೊದಲು ಮುರಳಿಮೋಹನ್," ಎಂದರು ವೆಂಕಟರತ್ನಮ್ಮ. "ಆ್ಯಪಿನಿಂದ ಇವರಿಗೆ ನಷ್ಟ ನಿಜ. ಆದರೆ ನಷ್ಟ ತಪ್ಪಬೇಕಾದ್ರೆ ನಾಲ್ಕೂ ಜನದ ಉತ್ತರ ಹೋಗ್ಬೇಕಿತ್ತು. ತೀರಿಹೋದವರದ್ದೊಂದೇ ಅಳಿಸಿ ಇವರಿಗೇನು ಸಿಕ್ತದೆ? ಎರಡನೇದು ಶೋಯೆಬ್. ಕೈಯಲ್ಲಿ ಬರೆಯೋನು, ಇವರವೆಲ್ಲ ಅಳಿಸು ಅಂತ ಒಂದೇ ಸಾಲು ಬರೀತಾನೆ. ಓದಿ ತಂದು, ಒಂದೊಂದೇ ಅಳಿಸಿ, ಕೊನೆಗೆ ಹೆಸರು ತೆಗೆಯೋದು ಮನುಷ್ಯರ ಕೈಯಲ್ಲ. ಸನಾ, ಅದು ಯಾರ ಕೆಲಸಮ್ಮ?"

"ಲೈಬ್ರರಿದು. ಆ್ಯಪ್ ಒಳಗೇ ಇರೋ ರೆಡಿ ಕೋಡ್ ಅದು," ಎಂದಳು ಸನಾ, ನೆಲ ನೋಡುತ್ತ.

"ಬಷೀರ್ ಸಾಹೇಬರೇ, ಪ್ರೋಗ್ರಾಮಿಗೆ ಕೋಷ್ಟಕದ ಭಾಷೆ ಬರಲ್ಲ. ಅದಕ್ಕೆ ಮೆಹಬೂಬ್ ಬೀ ಅಂದ್ರೆ ಒಬ್ಬ ಮನುಷ್ಯೆ, ಅವರ ಹತ್ರ ಅವರ ಉತ್ತರಗಳು. ಡೇಟಾಬೇಸಿಗೆ ಒಂದು ಕೋಷ್ಟಕದಲ್ಲಿ ಒಂದು ಸಾಲು, ಇನ್ನೊಂದರಲ್ಲಿ ಮುನ್ನೂರ ಹನ್ನೆರಡು ಸಾಲು. ನಡುವೆ ಆ ಲೈಬ್ರರಿ ದುಭಾಷಿ ಹಂಗೆ. ಒಬ್ಬರ ಹೆಸರು ತೆಗೆದ್ರೆ ಅವರ ಉತ್ತರಗಳನ್ನ ಏನು ಮಾಡ್ಬೇಕು ಅಂತ ಅದಕ್ಕೆ ಮೊದಲೇ ಹೇಳಿಟ್ಟಿರಬೇಕು."

"ಅವನ್ನೂ ತೆಗಿ ಅಂತ ನಾನೇ ಬರೆದಿದ್ದೆ," ಎಂದಳು ಸನಾ. "ಯಾರದ್ದೂ ಅಲ್ಲದ ತಬ್ಬಲಿ ಸಾಲು ಉಳೀಬಾರ್ದು ಅಂತ. ಎಲ್ಲರೂ ಹಂಗೇ ಬರೀತಾರೆ."

"ಅಂದ್ರೆ ಉತ್ತರಗಳನ್ನ ಯಾರೂ ಅಳಿಸ್ಲಿಲ್ಲ. ಯಾರೋ ಆ್ಯಪಿನಲ್ಲಿ ಹೆಸರು ತೆಗೆದ್ರು, ಅಷ್ಟೇ. ಹೆಸರು ತೆಗೆಯೋ ಗುಂಡಿ ಇರೋದು ಸಲಹೆಗಾರರ ಫೋನಿನಲ್ಲಿ ಮಾತ್ರ, ಅವರವರ ಹೆಸರಿಗೆ ಮಾತ್ರ." ವೆಂಕಟರತ್ನಮ್ಮನವರ ಧ್ವನಿ ಕುಗ್ಗಿತು. ಮೂವತ್ತು ವರ್ಷದಲ್ಲಿ ಆ ಧ್ವನಿ ಕುಗ್ಗಿದ್ದನ್ನು ನಾನು ಕೇಳಿರಲಿಲ್ಲ. "ಫೋನು ನಿಮ್ಮ ಜೇಬಿನಲ್ಲಿತ್ತು ಸಾಹೇಬರೇ. ಇಪ್ಪತ್ತನೇ ದಿನ, ಅದೇ ಬೆಳಗ್ಗೆಯಿಂದ ಪ್ರಶ್ನೆಗಳು ಬರೋದು ನಿಂತಿದ್ದು."

ಬಷೀರ್ ಸಾಹೇಬರು ಜೇಬಿನಿಂದ ಆ ಫೋನನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಹೌದು," ಎಂದರು. "ಹೆಸರು ತೆಗೆದುಹಾಕಿ ಅಂತಿತ್ತು, ಒತ್ತಿದೆ. ಖಚಿತವೇ ಅಂತ ಕೇಳ್ತು, ಹೌದು ಅಂದೆ. ಯಾರನ್ನೂ ಉತ್ತರ ಕೊಡದೆ ವಾಪಸ್ ಕಳಿಸಿದೋಳಲ್ಲ ಅವಳು. ದಿನಾ ಜನ ಕೇಳ್ತಾನೇ ಇದ್ರು. ಸತ್ತಿದಾಳೆ ಅಂತ ಗೊತ್ತಿಲ್ದೆ, ಮೆಹಬೂಬ್ ಬೀಗೆ ಗರ್ವ ಬಂತು ಅನ್ಕೋತಾರೆ ಅಂತ ತೆಗೆದೆ."

ಆ ಕ್ಷಣ ನನಗೆ ವೆಂಕಟರತ್ನಮ್ಮನವರ ಮೇಲೆ ಸಿಟ್ಟು ಬಂತು. ಈ ಮುದುಕನಿಗೆ ಇದನ್ನು ಹೇಳಲೇಬೇಕಿತ್ತೇ? ಹೊಸ್ತಿಲ ಆಚೆ ನಿಂತವನನ್ನು ನೋಡಿ, ಹೇಳದೆ ಬೇರೆ ದಾರಿಯಿರಲಿಲ್ಲ ಎಂದುಕೊಂಡೆ.

"ನಿಂಗೆ ಗೊತ್ತಿತ್ತೇನೋ?" ಎಂದು ಕೇಳಿದರು ಬಷೀರ್ ಸಾಹೇಬರು.

"ಹೂಂ ಮಾಮು," ಎಂದ ಶೋಯೆಬ್.

"ನಾನು ಹೊಡೆಯೋವಾಗ್ಲೂ?"

"ಹೂಂ."

ಬಷೀರ್ ಸಾಹೇಬರು ಎದ್ದು ಹೋಗಿ ಅವನ ತೋಳು ಹಿಡಿದು ಒಳಗೆ ಕರೆತಂದರು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕೆನ್ನೆಯನ್ನು ಮುಟ್ಟಲು ಹೋಗಿ ಕೈ ಹಿಂದೆ ತೆಗೆದರು.

"ನಾನು ಒಂದೂ ಕೇಳ್ಲಿಲ್ಲ ಕಣೋ. ಮನೇಲೇ ಇದ್ಲಲ್ಲ, ಯಾಕೆ ಕೇಳ್ಲಿ ಅಂತ ಸುಮ್ನಿದ್ದೆ. ಏನು ಹೇಳ್ತಿದ್ಲು ಅದರಲ್ಲಿ?"

ಉತ್ತರಗಳನ್ನು ರೈತರಿಗೆ ಕಳಿಸುವ ಮೊದಲು ಪ್ರತಿಯೊಂದನ್ನೂ ಕೇಳಿ ನೋಡುತ್ತಿದ್ದವನು ಶೋಯೆಬ್. ಅವನು ಹೇಳತೊಡಗಿದ.

"ಹುಳು ಪೊರೆ ಬಿಡೋಕೆ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ಬೇಡಿ, ಅವಕ್ಕೂ ಸುಮ್ನೆ ಇರೋದು ಬೇಕು ಅಂತಿದ್ರು. ಒದ್ದೆ ಸೊಪ್ಪು ಮಾತ್ರ ಕೊಡಲೇಬೇಡಿ ಅಂತಿದ್ರು. ಮುರುಗಮಲ್ಲದ ಒಬ್ಬಮ್ಮ ತಟ್ಟೆ ಪೂರಾ ಹುಳು ಸತ್ತೋಯ್ತು ಅಂತ ಅತ್ತಿದ್ದಕ್ಕೆ, ನಂದೂ ಮೂರು ಸಲ ಸತ್ತಿದೆ ಕಣಮ್ಮ, ತಟ್ಟೆ ತೊಳೆದು ಮತ್ತೆ ಇಡು ಅಂದಿದ್ರು."

ಹೀಗೆ ಒಂದೊಂದೇ ಹೇಳುತ್ತ ಹೋದ. ಬಷೀರ್ ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ಸನಾ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಇಪ್ಪತ್ತೋ ಮೂವತ್ತೋ ಆದ ಮೇಲೆ ಶೋಯೆಬ್ ತಡವರಿಸಿ ನಿಂತ.

"ಇಷ್ಟೇ ಮಾಮು. ಮಿಕ್ಕಿದ್ದು ನೆನಪಿಗೆ ಬರ್ತಿಲ್ಲ."

"ಪರವಾಗಿಲ್ಲಪ್ಪ," ಎಂದರು ಬಷೀರ್ ಸಾಹೇಬರು, ಕಣ್ಣು ತೆರೆಯದೆ. "ಮೊದಲಿಂದ ಹೇಳು."