ತಗಡಿನೊಳಗಿನ ಕೆರೆ

ಪಾರ್ಕ್ ಕಾಣೆಯಾಗಿತ್ತು!

ಸುಳ್ಳಲ್ಲ. ನಿನ್ನೆಯವರೆಗೆ ಅದು ಒಣಮಣ್ಣಿನ ಜಾಗ. ಸುತ್ತ ಆಳೆತ್ತರದ ತಗಡು, ಒಂದೇ ಗೇಟು. ಬೆಳಿಗ್ಗೆ ಬಿಲ್ಡರ್ ಬೀಗ ತೆಗೆದು ಗೇಟು ತಳ್ಳಿದರೆ ಒಳಗೆ ಕೆರೆ! ನಮ್ಮ ಕಟ್ಟಡದ ಅಷ್ಟೂ ಮಹಡಿಗಳು ಅದರಲ್ಲಿ ತಲೆಕೆಳಗಾಗಿ ನಿಂತಿದ್ದವು. ಹಡಗೊಂದು ಬಂದು ಲಂಗರು ಹಾಕುವುದಷ್ಟೇ ಬಾಕಿ.

ನಗರಸಭೆಯ ಅಧಿಕಾರಿ ಗೇಟಿನಲ್ಲೇ ನಿಂತುಬಿಟ್ಟರು.

"ಏನ್ರೀ ಇದು? ಪಾರ್ಕ್ ಒಪ್ಪಿಸ್ಕೊಳ್ಳೋಕೆ ಕರೆದ್ರಾ, ಈಜೋಕೆ ಕರೆದ್ರಾ?"

"ನಿನ್ನೆ ಒಣಗಿತ್ತು ಸಾರ್! ನಮ್ಮಪ್ಪನಾಣೆ!" ಬಿಲ್ಡರ್ ತಲೆ ಕೆರೆದುಕೊಂಡ.

"ಜೌಗು ಜಾಗ ಪಾರ್ಕಿನ ಲೆಕ್ಕಕ್ಕೆ ಬರಲ್ಲ. ಮಧ್ಯಾಹ್ನದೊಳಗೆ ನಾನು ವರದಿ ಕೊಡ್ಬೇಕು. ಜಾಗದ ಬದಲು ಶುಲ್ಕ ಕಟ್ಟಿಬಿಡಿ."

"ಶುಲ್ಕ ಬೇಡ ಸಾರ್!" ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಯಾಕೆಂದರೆ ನಮ್ಮ ಊರಿನಲ್ಲಿ ಮನೆ ಕಟ್ಟಿ ಮಾರುವವರು ಒಂದಿಷ್ಟು ಜಾಗ ಪಾರ್ಕಿಗೆ ಬಿಡಲೇಬೇಕು. ಇಲ್ಲವೇ ಶುಲ್ಕ ಕಟ್ಟಬೇಕು. ಶುಲ್ಕ ಕಟ್ಟಿದರೂ ಪಾರ್ಕ್ ಆಗುತ್ತದೆ, ಆದರೆ ಎಲ್ಲಿ? ಊರಿನ ಆ ತುದಿಯಲ್ಲಿ! ಬಿಟ್ಟ ಜಾಗ ಬಿಲ್ಡರ್‌ಗೇ ವಾಪಸ್.

ನನ್ನ ಹೆಂಡತಿ ನಮ್ಮ ಎರಡು ಕೋಣೆಯಲ್ಲಿ ಕೆಲಸಕ್ಕೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಆಡಲು ಅವಕ್ಕಿರುವುದು ಮೆಟ್ಟಿಲು ಮಾತ್ರ. ಆ ಗದ್ದಲಕ್ಕೆ ಕೆಳಮನೆಯವರ ಸೂರಿನ ಸುಣ್ಣ ಉದುರಿ, ಅವರ ಕಾಫಿಯಲ್ಲಿ ಬಿದ್ದು, ಅವರು ಅದನ್ನೇ ಕುಡಿದು ಬೆಳ್ಳಗಾದರು ಅಂತ ನಾನು ಹೇಳುವುದುಂಟು. ಮನೆ ಮಾಲೀಕರಿಗೆ ನಗು ಬರಲಿಲ್ಲ. "ಪಾರ್ಕ್ ಆದ್ರೆ ಸರಿ. ಆಗ್ಲಿಲ್ಲಾಂದ್ರೆ ಈ ಮಕ್ಕಳ ಸಂತೆ ಬಂದ್" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಇನ್ನು ಉಳಿದದ್ದು ಒಂದೇ ಬೆಳಗು.

"ಹುಡುಕೋದೇನಿದೆ? ನೀರು ಯಾರ ಹತ್ರ ಇರುತ್ತೆ? ಟ್ಯಾಂಕರ್‌ನವನ ಹತ್ರ!"

ನೀರಿನ ಟ್ಯಾಂಕರ್ ಓಡಿಸುವ ನನ್ನತ್ತ ಬೆರಳು ತೋರಿಸಿದವರು ನಿವಾಸಿಗಳ ಸಂಘದ ಅಧ್ಯಕ್ಷರು. ಆಯಸ್ಸೆಲ್ಲ ಕಟ್ಟಡ ಗುತ್ತಿಗೆ ಮಾಡಿ, ಲೆಕ್ಕವಿಲ್ಲದಷ್ಟು ತಾರಸಿ ಹಾಕಿಸಿ, ಈಗ ವಿಶ್ರಾಂತಿಯಲ್ಲಿರುವವರು. ಪಾರ್ಕ್ ಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಿದವರೂ ಅವರೇ. ಮನೆಯಲ್ಲಿ ಮಾತ್ರ ಅವರ ಸ್ವರ ಏಳುವುದಿಲ್ಲ. ಬೇರೆ ಮನೆ ಮಾಡಿಕೊಡಿ ಎಂದು ಮಗ ಸೊಸೆ ದಿನಾ ಜೀವ ಹಿಂಡುತ್ತಾರೆ.

"ನಾನ್ಯಾಕೆ ಸುರೀಲಿ? ನನಗೇ ಪಾರ್ಕ್ ಬೇಕಲ್ವಾ?" ಎಂದೆ.

"ಟ್ಯಾಂಕರ್ ಸೋರಿರಬೇಕು!"

"ಏನಳಿಯಾ, ಗಾಡಿ ಎಲ್ಲಿತ್ತು?" ಹಿಂದಿನಿಂದ ಒಂದು ದನಿ.

ದುರ್ಬೀನತ್ತೆ! ನನ್ನ ಹೆಂಡತಿಯ ಸೋದರತ್ತೆ. ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಹಿಡಿಯುವ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಅವರ ಕನ್ನಡಕದ ಗಾಜು ಎಷ್ಟು ದಪ್ಪವೆಂದರೆ, ಚಂದ್ರನಲ್ಲಿ ಯಾರಾದರೂ ಕಸ ಗುಡಿಸಿದರೆ ಇವರಿಗೆ ಸೀನು ಬರುತ್ತದೆ.

"ಗ್ಯಾರೇಜಲ್ಲಿ ಅತ್ತೆ. ಎಂಜಿನ್ ಬಿಚ್ಚಿ ಹರಡಿದ್ದಾರೆ. ಗಾಡಿಗೆ ಅದರ ಹೆಸರೇ ಮರೆತುಹೋಗಿದೆ."

"ಸರಿ, ನೀನಲ್ಲ. ಸಾರ್, ಒಂದ್ಸಲ ಒಳಗಿಳಿದು ಆಳ ನೋಡಿ. ನೋಡ್ದೆ ವರದಿ ಬರೀತೀರಾ?"

ಅಧಿಕಾರಿ ಗೊಣಗುತ್ತ ಪ್ಯಾಂಟು ಮಡಚಿದರು. ಬಿಲ್ಡರ್, ಅಧ್ಯಕ್ಷರು, ನಾನು ಹಿಂದೆಯೇ ಇಳಿದೆವು. ಅತ್ತೆ ದಡದಲ್ಲೇ ನಿಂತರು.

ಕೆಸರು ನೀರು, ತಳ ಕಾಣದು. ಬಿಲ್ಡರ್ ನಾಲ್ಕು ಹೆಜ್ಜೆ ಇಟ್ಟು ಮುಗ್ಗರಿಸಿದ. ನಾನು ಬೋರಲು ಬಿದ್ದೆ. ಎದ್ದ ಅಲೆ ಎದುರು ಬೀದಿಯ ಬಟ್ಟೆ ಅಂಗಡಿಗೆ ನುಗ್ಗಬೇಕಿತ್ತು, ತಗಡು ತಡೆಯಿತು. ಎದ್ದು ಹೊರಟೆ, ಮತ್ತೆ ಬಿದ್ದೆ. ಅಧಿಕಾರಿ ಎಡವಿ, ಅವರ ಒಂದು ಚಪ್ಪಲಿ ತೇಲಿಹೋಯಿತು. ಅಧ್ಯಕ್ಷರು ಮಾತ್ರ ಕೊಕ್ಕರೆಯಂತೆ ಕಾಲೆತ್ತಿ ಇಡುತ್ತ, ಕೈ ಬೀಸಿ ಭಾಷಣ ಮಾಡುತ್ತ ನಡುಮಧ್ಯಕ್ಕೆ ಹೋಗಿ ನಿಂತರು.

"ಪಾರ್ಕಿಗೋಸ್ಕರ ಎಷ್ಟು ಹೋರಾಡ್ದೆ! ಆದ್ರೆ ಈ ಜೌಗು ನಮಗೆ ಬೇಡ! ಶುಲ್ಕ ಕಟ್ಲಿ!"

"ಹಾಗೇ ಬರೀತೀನಿ." ಅಧಿಕಾರಿ ಗಡಿಯಾರ ನೋಡಿಕೊಂಡರು.

"ಒಂದು ನಿಮಿಷ ಸಾರ್!" ಅತ್ತೆ ಬಿಲ್ಡರ್‌ನತ್ತ ತಿರುಗಿದರು. "ಗೇಟಿನ ಬೀಗದ ಕೈ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ ಒಂದು. ಸಂಘದ ಹತ್ರ ಒಂದು. ಒಳಗೆ ಮಣ್ಣು ಸಮ ಮಾಡಿಸ್ತೀವಿ ಅಂತ ಇಸ್ಕೊಂಡ್ರು."

"ಸಂಘ ಅಂದ್ರೆ ನಾನೊಬ್ಬನೇನಾ?" ಅಧ್ಯಕ್ಷರು ರೇಗಿದರು.

"ನಾನು ನಿಮ್ಮ ಹೆಸರೇ ಎತ್ತಲಿಲ್ವಲ್ಲಾ? ಬಿಲ್ಡರಪ್ಪಾ, ಈ ಜಾಗ ಯಾವ ಕಡೆ ಇಳಿಜಾರು?"

"ರಸ್ತೆ ಕಡೆಗೆ."

"ಮತ್ತೆ ನೀರು ರಸ್ತೆ ಕಡೆ ಓಡ್ಬೇಕಿತ್ತು. ಎಲ್ಲಾ ಕಡೆ ತಟ್ಟೇಲಿ ಇಟ್ಟ ಹಾಗೆ ಹೇಗೆ ನಿಂತಿದೆ?"

ಅತ್ತೆ ಕೈಯಲ್ಲಿದ್ದ ಕೊಡೆಯನ್ನು ನೀರಿಗೆ ಚುಚ್ಚಿ, ನಾನು ಬಿದ್ದ ಜಾಗದಲ್ಲಿ ತಡಕಿದರು. "ಬಾ ಅಳಿಯ, ಕೈ ಹಾಕು."

ಹಾಕಿದೆ. ನೀರಿನಡಿ ಮಣ್ಣಿನ ಬದು! ನೇರಕ್ಕೆ ಹೋಗಿ, ಮೂಲೆ ತಿರುಗಿ, ಮತ್ತೆ ನೇರಕ್ಕೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು.

"ಚೌಕ ಚೌಕ!" ಬಿಲ್ಡರ್ ಕೂಗಿದ. "ಇದು ಪಾತಿ! ಹೊಸ ತಾರಸಿ ಬಿರುಕು ಬಿಡಬಾರ್ದು ಅಂತ ಮೇಲೆ ಹೀಗೇ ಕಟ್ಟಿ ನೀರು ನಿಲ್ಲಿಸ್ತೀವಿ!"

"ಕಳ್ಳ ಸಿಕ್ಕ!" ಅಧ್ಯಕ್ಷರು ಚಪ್ಪಾಳೆ ತಟ್ಟಿದರು. "ತಾರಸಿ ಹಾಕೋನು ಇವನೇ! ಬಾಯಲ್ಲೇ ಒಪ್ಕೊಂಡ!"

ಬಿಲ್ಡರ್‌ನ ಮುಖ ಬಿಳಿಚಿತು.

"ತಾರಸಿ ಹಾಕೋರು ಇಲ್ಲಿ ಇಬ್ಬರಿದ್ದೀರಿ," ಅತ್ತೆ ತಣ್ಣಗೆ ಹೇಳಿದರು. "ಅದಕ್ಕೇ ನಾನು ನೀರು ನೋಡ್ಲಿಲ್ಲ, ಕಾಲು ನೋಡ್ದೆ. ಟಿಕೆಟ್ ಇಲ್ದೋರು ಮುಖ ಚೆನ್ನಾಗಿ ಇಟ್ಕೋತಾರೆ. ಕಾಲು ಮಾತ್ರ ಬಾಗಿಲ ಕಡೆ ತಿರುಗಿರುತ್ತೆ. ಬಿಲ್ಡರ್ ಮುಗ್ಗರಿಸಿದ. ಸಾಹೇಬ್ರು ಎಡವಿದ್ರು. ನಮ್ಮಳಿಯನಂತೂ ಬಿದ್ದದ್ದೇ ಬಿದ್ದದ್ದು. ನೀವು? ಬದು ಇರೋ ಕಡೆಯೆಲ್ಲ ಕಾಲೆತ್ತಿದ್ರಿ. ತಳ ಕಾಣದ ನೀರಲ್ಲಿ, ಭಾಷಣ ಮಾಡ್ತಾ! ಕಟ್ಟಿದೋನಿಗಲ್ದೆ ಇನ್ಯಾರಿಗೆ ಗೊತ್ತು ಸ್ವಾಮೀ, ಬದು ಎಲ್ಲಿದೆ ಅಂತ?"

"ನ... ನನಗ್ಯಾಕೆ ಬೇಕು ಇದು?"

"ನಾನು ಹೇಳ್ತೀನಿ!" ಬಿಲ್ಡರ್ ನೀರು ಚಿಮ್ಮಿಸುತ್ತ ಬಂದ. "ಮಗನಿಗೆ ಮನೆ ಕಟ್ಟೋಕೆ ಈ ಜಾಗ ಕೊಡು ಅಂತ ದುಂಬಾಲು ಬಿದ್ದಿದ್ರಿ. ಅದು ಪಾರ್ಕಿಗೆ ಹೋಗುತ್ತೆ, ನಗರಸಭೆ ಬೇಡ ಅಂದ್ರೆ ನೋಡೋಣ ಅಂದಿದ್ದೆ. ಬೇಡ ಅನ್ನಿಸೋಕೆ ಕೆರೆ ಕಟ್ಟಿದ್ರಾ ಯಜಮಾನ್ರೇ?"

ಅಧ್ಯಕ್ಷರು ಕೆಸರಿನಲ್ಲಿ ನಿಂತಲ್ಲೇ ಕುಸಿದರು. "ಸೊಸೆ ಊಟ ಬಡಿಸೋದೂ ಬಿಟ್ಟಿದ್ಲಪ್ಪಾ... ರಾತ್ರಿ ಬದು ಕಟ್ಟಿ, ಸಂಘದ ಬೋರ್‌ವೆಲ್ ಪೈಪು ಬಿಟ್ಟೆ..." ಎಂದಷ್ಟೇ ಹೇಳಿದರು.

"ಜೌಗಲ್ಲ, ಕಿಡಿಗೇಡಿತನ ಅಂತ ಬರೀತೀನಿ," ಎಂದರು ಅಧಿಕಾರಿ. "ಆದ್ರೆ ನೀರಿಳಿದು ನೆಲ ಕಂಡ್ರೇನೇ ಒಪ್ಪಿಸ್ಕೊಳ್ಳೋದು."

ಗುದ್ದಲಿಯನ್ನು ಅಧ್ಯಕ್ಷರ ಕೈಗೇ ಕೊಟ್ಟೆವು. ಒಂದೊಂದೇ ಬದು ಒಡೆಯಿತು. ನೀರು ಬುಳುಬುಳು ಎನ್ನುತ್ತ ರಸ್ತೆಯ ಚರಂಡಿಗೆ ಓಡಿತು. ಮೇಲಿದ್ದ ಮಣ್ಣು ಮೊದಲು ಕಂಡಿತು, ಆಮೇಲೆ ನಡುಭಾಗ, ಕೊನೆಗೆ ಸಾಹೇಬರ ಚಪ್ಪಲಿ.

ಅಷ್ಟರಲ್ಲಿ ನನ್ನ ಹೆಂಡತಿ ಮಕ್ಕಳ ಸಾಲನ್ನು ಕರೆದುಕೊಂಡು ಓಡಿ ಬಂದಳು. "ಏನಾಯ್ತು? ಹೋಯ್ತಾ ನಮ್ಮ ಪಾರ್ಕು?"

ಅಧಿಕಾರಿ ಚಪ್ಪಲಿಯ ಕೆಸರು ಒದರುತ್ತ ಅವಳನ್ನೂ ಮಕ್ಕಳನ್ನೂ ನೋಡಿದರು.

"ಇಲ್ಲಮ್ಮ. ಇವತ್ತಿಂದ ನಗರಸಭೇದು. ಅಂದ್ರೆ ನಿಮ್ದು."

"ಬೀಗದ ಕೈ ಯಾರ ಹತ್ರ ಕೇಳ್ಬೇಕು ಸಾರ್?"

"ಪಾರ್ಕಿಗೆಂಥ ಬೀಗ?" ಎಂದು ಅವರು ಬಿಲ್ಡರ್‌ಗೆ ಕಣ್ಸನ್ನೆ ಮಾಡಿದರು.

ಬಿಲ್ಡರ್ ಮೊದಲ ತಗಡನ್ನು ಕಿತ್ತು ಢಣಾರ್ ಎಂದು ಬೀಳಿಸಿದ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಮಕ್ಕಳೆಲ್ಲ ಒಳಗಿದ್ದವು.