ಡಿಎನ್‌ಎ ಮೇಲೊಂದು ಗುರುತು

"ನಿಮ್ಮ ಡಿಎನ್‌ಎ ಮೇಲೆ ಏನೂ ಇಲ್ಲ ಮೇಡಂ. ಮೂರು ವರ್ಷ ಏನ್ ನೋಡಿದ್ರೋ ನಂಗೊತ್ತಿಲ್ಲ."

ತುಂಬಿದ ಮೀಟಿಂಗಿನಲ್ಲಿ ಕೆಮಿಸ್ಟ್ ಹಾಗೆಂದಾಗ ಅವಳ ಕಿವಿ ಕೆಂಪಾಯಿತು. ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುವುದೇ ಮೆಣಸಿನಕಾಯಿ ಎಂದು. ಆ ದಿನ ಮಾತ್ರ ಅವಳು ತಲೆ ತಗ್ಗಿಸಿ ಫೈಲು ಮುಚ್ಚಿದಳು.

ಅವಳು ಸಂಶೋಧನೆಗೆಂದು ಸಾಕುತ್ತಿದ್ದ ಬ್ಯಾಕ್ಟೀರಿಯಾ ತನ್ನೊಳಗೇ ಒಂದು ವಿಷ ತಯಾರಿಸುತ್ತದೆ. ಆ ವಿಷ ಅದರದೇ ಡಿಎನ್‌ಎಗೆ ಪುಟ್ಟ ರಾಸಾಯನಿಕ ತುಣುಕೊಂದನ್ನು ಅಂಟಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಜೊತೆಗೇ ಇರುವ ಪ್ರತಿವಿಷ ಅದನ್ನು ಕಿತ್ತು ತೆಗೆಯುತ್ತದೆ. ಇದು ಅವಳ ವಾದ. ತುಣುಕನ್ನು ತೂಗಿ ತೋರಿಸುವ ಯಂತ್ರ ಕೆಮಿಸ್ಟ್ ಕೈಯಲ್ಲಿತ್ತು. ತುಣುಕು ಸಿಗದಿದ್ದರೆ ತಿಂಗಳ ಕೊನೆಗೆ ಪ್ರಾಜೆಕ್ಟ್ ಬಂದ್ ಎಂದರು ಡೈರೆಕ್ಟರ್.

ಮರುದಿನ ಅವಳು ಹೊಸ ಸ್ಯಾಂಪಲ್ ತಂದು ಕೆಮಿಸ್ಟ್ ಮೇಜಿನ ಮೇಲೆ ಕುಕ್ಕಿದಳು.

"ಇದನ್ನೂ ಹಾಳು ಮಾಡಿ."

"ಇಡಿ. ಕಿರುಚಿದ್ರೆ ಯಂತ್ರಕ್ಕೆ ಕೇಳ್ಸಲ್ಲ."

ಅವನು ತಲೆ ಎತ್ತಲಿಲ್ಲ. ಕಣ್ಣು ಪರದೆಯ ಮೇಲೇ. ಆದರೆ ಅವಳು ಒಂದು ಹೆಜ್ಜೆ ಸರಿದಾಗ ಆ ಕಣ್ಣು ಅರೆಕ್ಷಣ ಅವಳ ಕೈಬೆರಳಿಗೆ ಬಂದು, ಸುಟ್ಟುಕೊಂಡಂತೆ ಹಿಂದಕ್ಕೆ ಓಡಿತು. ಅದನ್ನು ತಾನು ಗಮನಿಸಿದೆನಲ್ಲ ಎಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ನಾಲ್ಕನೇ ದಿನ ಡೈರೆಕ್ಟರ್ ಇಬ್ಬರನ್ನೂ ಕರೆಸಿದರು. ಅವಳು ಜಗಳಕ್ಕೆ ತಯಾರಾಗಿಯೇ ಹೋದಳು. ಕೆಮಿಸ್ಟ್ ಕುಳಿತುಕೊಳ್ಳಲೂ ಇಲ್ಲ.

"ತಪ್ಪು ನಂದು ಸರ್. ಡಿಎನ್‌ಎ ಬಿಡಿಸೋವಾಗ ಜಾಸ್ತಿ ಬಿಸಿ ಮಾಡಿದ್ದೆ, ಅಂಟಿದ್ದೆಲ್ಲ ಉದುರಿಹೋಗಿತ್ತು. ಈ ಸಲ ತಣ್ಣಗೆ ಮಾಡಿದೆ. ತುಣುಕಿದೆ. ಪ್ರತಿವಿಷ ಹಾಕಿದ್ರೆ ಹೋಗುತ್ತೆ. ಮೇಡಂ ಹೇಳಿದ್ದು ಅಕ್ಷರಶಃ ನಿಜ. ಮುಂದಿನ ಮೀಟಿಂಗಲ್ಲಿ ಎಲ್ಲರ ಮುಂದೆ ನಾನೇ ಹೇಳ್ತೀನಿ."

ಪ್ರಾಜೆಕ್ಟ್ ಉಳಿಯಿತು. ಕಾರಿಡಾರಿನಲ್ಲಿ ಅವಳು ಅವನಿಗೆ ಅಡ್ಡ ನಿಂತಳು.

"ಮೊದಲೇ ನನ್ನನ್ನ ಒಂದು ಮಾತು ಕೇಳಿದ್ರೆ ಗಂಟು ಹೋಗ್ತಿತ್ತಾ?"

"ಹೋಗ್ತಿತ್ತು."

"ಏನು?"

"ನೀವು ಎದುರು ನಿಂತು ತುಣುಕು ಇದೆ ಅಂದ್ರೆ, ಇಲ್ಲದಿದ್ರೂ ನಂಗೆ ಕಾಣ್ತಿತ್ತು. ಆ ಹೆದರಿಕೆಗೆ ನಿಮ್ಮ ಮೇಲೆ ಬೇರೆಯವರಿಗಿಂತ ಕಟುವಾಗಿದ್ದೆ."

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಈ ಸಲ ಆ ಕಣ್ಣು ಎಲ್ಲಿಗೂ ಓಡಲಿಲ್ಲ.

"ಅದಕ್ಕೆ ನನ್ನ ಮಾನ ಕಳೆಯೋದಾ? ಕ್ಷಮಿಸಲ್ಲ ನಾನು."

"ಕ್ಷಮಿಸ್ಬೇಡಿ."

"ಇನ್ಮೇಲೆ ನನ್ನ ಸ್ಯಾಂಪಲ್ ನೀವು ಮುಟ್ಟಕೂಡದು. ಬೇರೆಯವರ ಕೈಲಿ ಮಾಡಿಸ್ತೀನಿ."

ಅವನ ಮುಖ ಬಾಡಿತು. "ಇನ್ನೂ ನಂಬಿಕೆ ಇಲ್ವಾ?"

"ಪಕ್ಷಪಾತಿ ಅಂತ ನೀವೇ ಒಪ್ಕೊಂಡ್ರಲ್ಲ." ಅವಳ ದನಿಯಲ್ಲಿ ಸಿಟ್ಟು ಹಾಗೇ ಇತ್ತು, ತುಟಿಯ ಒಂದು ಅಂಚು ಮಾತ್ರ ಮಾತು ಕೇಳಲಿಲ್ಲ. "ನಾಳೆ ಊಟಕ್ಕೆ ಬನ್ನಿ. ಬೈಯೋದು ಇನ್ನೂ ಬಾಕಿ ಇದೆ."