ಅಕ್ಕನ ತಟ್ಟೆ

"ಹಣ್ಣು ಮಾಡು, ಕೇಕ್ ಮಾಡು, ಏನ್ ಬೇಕಾದ್ರೂ ಮಾಡು. ಯಾರೋ ಅರ್ಧ ತಿಂದಿಟ್ಟ ತಟ್ಟೆ ನೋಡ್ಕೊಂಡು ಮಾತ್ರ ಮಾಡ್ಬೇಡ," ಅಂದಳು ಚಿಕ್ಕಮ್ಮ. "ಓವನ್ನಿಗೆ ಹೋದ್ಮೇಲೆ ಆ ಊಟ ಅವರದಾಗಿ ಉಳಿಯಲ್ಲ."

ಕೆಲಸ ಕಲಿಯಲು ಬಂದು ಇನ್ನೂ ತಿಂಗಳಾಗಿರದ ತಂಗಿ ಕಿಸಕ್ಕನೆ ನಕ್ಕಳು. ಪಾಲಿಮರ್ ಕ್ಲೇಗೂ ಮಾಟ ಹತ್ತುತ್ತದಾ ಎಂದು ಕೇಳಿದಳು. ಚಿಕ್ಕಮ್ಮನಾಗಲಿ ಪಕ್ಕದಲ್ಲಿದ್ದ ಅಕ್ಕನಾಗಲಿ ನಗಲಿಲ್ಲ.

ಮನೆಯ ಹಿಂದಿನ ಕೋಣೆಯಲ್ಲೇ ಅವರ ಕೆಲಸ: ಜೇಡಿಯಂಥ ಪ್ಲಾಸ್ಟಿಕ್ ಕ್ಲೇಯನ್ನು ತಿದ್ದಿ, ಓವನ್ನಿನಲ್ಲಿ ಸುಟ್ಟು, ಬೊಂಬೆಮನೆಗಳಿಗೆ ಪುಟಾಣಿ ಊಟ-ತಿಂಡಿ. ಸದಾ ಕಾದ ಪ್ಲಾಸ್ಟಿಕ್ಕಿನ ವಾಸನೆ. ಹಳೇ ಟೂತ್‌ಬ್ರಶ್ಶಿನಿಂದ ತಟ್ಟಿ ತಟ್ಟಿ ಅಕ್ಕ ಮಾಡುತ್ತಿದ್ದ ಉಗುರಗಲದ ಬ್ರೆಡ್ಡು ಕಂಡವರು ಬೆಣ್ಣೆ ಹುಡುಕಬೇಕು, ಹಾಗಿರುತ್ತಿತ್ತು. ತಂಗಿಯ ಬ್ರೆಡ್ಡು ಇಟ್ಟಿಗೆ. ಎಂಟು ದಿನ ಕೂತು ಅವಳು ಒಂದು ಕಿತ್ತಳೆ ಮಾಡಿದಳು. ಗಿರಾಕಿಯೊಬ್ಬಳು ಭೂತಗನ್ನಡಿ ಹಿಡಿದು ನೋಡಿ, "ಇದು ನಿಮ್ಮಕ್ಕಂದಾ?" ಎಂದಳು.

ಅಂದು ಮಧ್ಯಾಹ್ನ ಊಟದ ನಡುವೆ ಫೋನ್ ಬಂದು ಎದ್ದುಹೋದ ಅಕ್ಕ ಗಂಟೆಯಾದರೂ ಬರಲಿಲ್ಲ. ತಟ್ಟೆಯಲ್ಲಿ ಅನ್ನ, ಬೀನ್ಸು, ಕಚ್ಚಿಟ್ಟ ಮೊಟ್ಟೆ. ತಂಗಿ ಕ್ಲೇ ತೆಗೆದುಕೊಂಡಳು. ಅಗುಳು ಅಗುಳಾಗಿ ಉರುಳಿಸಿದಳು. ಸೂಜಿಯಿಂದ ಅಕ್ಕನ ಹಲ್ಲಿನ ಗುರುತನ್ನೂ ಕೊರೆದಳು. ಎಂದೂ ಮಾತು ಕೇಳದ ಬೆರಳುಗಳು ಅಂದು ತಾವೇ ನಡೆದವು. ಓವನ್ ತೆರೆದಾಗ ಬಿಸಿ ಅನ್ನದ ಘಮ ಮುಖಕ್ಕೆ ಬಡಿಯಿತು. ಬೆಚ್ಚಿ, ಆ ಪುಟಾಣಿ ತಟ್ಟೆಯನ್ನು ಕಪಾಟಿನ ಮೂಲೆಗೆ ತಳ್ಳಿದಳು.

ಸಂಜೆ ಅಕ್ಕ ಬಾಯಿಗಿಟ್ಟ ತುತ್ತನ್ನು ಉಗುಳಿದಳು. ಮಣ್ಣಿನ ಹಾಗಿದೆ ಅಂದಳು. ಮರುದಿನ ಹಾಲೂ ಮಣ್ಣಾಯಿತು. ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಹತ್ತು ದಿನದಲ್ಲಿ ಅಕ್ಕನ ವಾಚು ಮೊಣಕೈವರೆಗೆ ಜಾರಿತು. ಕೈಯಲ್ಲಿ ಸೂಜಿ ನಿಲ್ಲದಾಯಿತು. ಅವಳ ಕುರ್ಚಿಯಲ್ಲಿ ತಂಗಿ ಕೂತಳು. ಗಿರಾಕಿಗಳು ಹೊಗಳಿದರು. ಅವಳಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೇ ಭಯವಾಯಿತು.

ಹನ್ನೊಂದನೇ ದಿನ ಅಕ್ಕ ಹಾಸಿಗೆಯಿಂದ ಏಳಲಿಲ್ಲ. ತಂಗಿ ಚಿಕ್ಕಮ್ಮನ ಮುಂದೆ ಎಲ್ಲ ಒಪ್ಪಿಕೊಂಡಳು.

"ಮಾಡಿದವಳೇ ತಿನ್ಬೇಕು. ಒಂದಗುಳೂ ಬಿಡದೆ."

"ತಿಂದ್ರೆ ನಂಗೇನಾಗತ್ತೆ?"

ಚಿಕ್ಕಮ್ಮ ಕಪಾಟಿನ ಬಾಗಿಲು ತೆರೆದಳು.

ಕಪಾಟಿನೊಳಗೆ ಕತ್ತಲೆ. ಯಾರೋ ಜಗಿಯುವ ಸದ್ದು. ತಂಗಿ ಕೈ ಹಾಕಿದಳು. ಸದ್ದು ನಿಂತಿತು. ತಟ್ಟೆ ಇನ್ನೂ ಬೆಚ್ಚಗಿತ್ತು. ಅನ್ನ ಬಾಯಿಗೆ ಸುರಿದುಕೊಂಡಳು. ಮೆತ್ತಗಿತ್ತು. ಬೀನ್ಸು. ಆಮೇಲೆ ಮೊಟ್ಟೆ. ಅದು ನಾಲಿಗೆಯನ್ನು ಕಚ್ಚಿತು. ಬಾಯ್ತುಂಬ ರಕ್ತ. ನುಂಗಿದಳು.

ಹಾಸಿಗೆಯಿಂದಲೇ ಅಕ್ಕ ಕರೆದಳು. "ಹಸಿವಾಗ್ತಿದೆ ಕಣೇ."

ಅಕ್ಕ ಎರಡೆರಡು ಸಲ ಬಡಿಸಿಕೊಂಡು ಉಂಡಳು. ಇಷ್ಟು ದಿನ ನನ್ನ ಕೆಲಸವನ್ನೂ ನೀನೇ ಹೊತ್ತೆಯಲ್ಲ ಎಂದು ಒಂದು ತುತ್ತನ್ನು ತಂಗಿಯ ಬಾಯಿಗಿಟ್ಟು, ಹೇಗಿದೆ ಎಂದು ಕೇಳಿದಳು. ತಣ್ಣನೆಯ ಮಣ್ಣು ಹಲ್ಲಿಗೆ ಮೆತ್ತಿಕೊಂಡಿತು. ಚೆನ್ನಾಗಿದೆ ಎಂದಳು ತಂಗಿ. ಅಕ್ಕ ಬೆರಳು ನೆಕ್ಕುತ್ತಿದ್ದಳು. ಅದನ್ನು ನೋಡುತ್ತಿದ್ದಂತೆ ತಂಗಿಯ ಖಾಲಿ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು.